ಸಹಾಯ ಬೇಕು: ಸಿಡ್ನಿಯಲ್ಲಿ ಈಜುಕೊಳದ ಸುರಕ್ಷತಾ ಪ್ರಮಾಣಪತ್ರ

ಎಲ್ಲರಿಗೂ ನಮಸ್ಕಾರ. ಸಿಡ್ನಿಯಲ್ಲಿರುವ ನಮ್ಮ ಹಳೆಯ ಮನೆಯನ್ನು ಬಾಡಿಗೆಗೆ ಕೊಡಬೇಕೆಂದಿದ್ದೇವೆ. ಹಿತ್ತಲಿನಲ್ಲಿ ಈಜುಕೊಳವಿರುವುದರಿಂದ, ನ್ಯೂ ಸೌತ್ ವೇಲ್ಸ್ ರಾಜ್ಯದ ನಿಯಮದಂತೆ 3 ವರ್ಷ ಮಾನ್ಯವಾಗಿರುವ ಪ್ರಮಾಣಪತ್ರವನ್ನು ಮೊದಲು ಪಡೆಯಬೇಕು. ಕೊಳದ ನೋಂದಣಿ ಆಗಿದೆ. ತಪಾಸಣೆಗೆ ಬಂದವರು 1.2 ಮೀಟರ್ ಎತ್ತರದ ಬೇಲಿಯನ್ನು ಒಪ್ಪಿದರೂ, ಗೇಟನ್ನು ಒಂದು ಗೇಣು ತೆರೆದು ಬಿಟ್ಟಾಗ ಅದು ಚಿಲಕದವರೆಗೆ ಬಂದು ಬೀಳದೆ ನಿಂತದ್ದನ್ನೂ, ಬೇಲಿಗೆ ಒತ್ತಿಕೊಂಡಿದ್ದ ಕರಿಬೇವಿನ ಕುಂಡದ ಮೇಲೆ ಕಾಲಿಟ್ಟು ಮಗು ಹತ್ತಬಹುದೆಂಬುದನ್ನೂ ಬರೆದುಕೊಂಡು ಹೋದರು. (ಕುಂಡದ ವಿಷಯ ನಮಗೆ ಹೊಳೆದೇ ಇರಲಿಲ್ಲ, ಅವರ ಮಾತು ಸರಿಯೇ.) ಕುಂಡವನ್ನು ಅಂದೇ ಸರಿಸಿದೆವು. ಗೇಟಿನ ಸ್ಪ್ರಿಂಗ್ ಕೀಲನ್ನು ಬಿಗಿಗೊಳಿಸಿದರೆ ಸಾಕೇ, ಹೊಸದನ್ನೇ ಹಾಕಿಸಬೇಕೇ? ಇಂಥ ದುರಸ್ತಿ ಮಾಡಿಸಿ ಮರುತಪಾಸಣೆಯಲ್ಲಿ ಪಾಸಾದವರು, ಕೆಲಸದವರನ್ನು ಹೇಗೆ ಹುಡುಕಿದಿರಿ, ಖರ್ಚು ಎಷ್ಟಾಯಿತು ಎಂಬುದನ್ನು ದಯವಿಟ್ಟು ತಿಳಿಸಿ.