ಏರ್ ಪಿಸ್ತೂಲ್ ಗ್ರಿಪ್ ಕೈಗೆ ಕೂರುತ್ತಿಲ್ಲ, ಗುಂಪು ಎಡಕ್ಕೆ ಬೀಳುತ್ತಿದೆ: ಎಲ್ಲಿ ಉಜ್ಜಬೇಕು?

ರಾಜಾಜಿನಗರ_ಬಲಗೈ

ಎಲ್ಲರಿಗೂ ನಮಸ್ಕಾರ. 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತೇನೆ. ಪಿಸ್ತೂಲ್ ಸೆಕೆಂಡ್ ಹ್ಯಾಂಡ್, ಜೊತೆಗೆ ಬಂದ ಮರದ ಗ್ರಿಪ್ ಎಂ ಸೈಜ್. ಗುಂಪು (ಟಾರ್ಗೆಟ್ ಮೇಲೆ ಶಾಟ್‌ಗಳು ಬೀಳುವ ಜಾಗ) ಚೆನ್ನಾಗೇ ಕೂಡುತ್ತದೆ, ಆದರೆ ಎಡಕ್ಕೆ. ಗುರಿ ನೋಡುವ ಸೈಟ್ ತಿರುಗಿಸಿ ಸರಿ ಮಾಡಿದರೆ ಅರ್ಧ ಮ್ಯಾಚ್ ಮುಗಿಯುವಷ್ಟರಲ್ಲಿ ಮತ್ತೆ ಎಡಕ್ಕೆ ಜಾರುತ್ತದೆ. ಕಿರುಬೆರಳಿನ ಕೆಳಗೆ ಅಂಗೈ ಅಂಚು ನೋಯುತ್ತದೆ. ಹೆಬ್ಬೆರಳಿನ ಬುಡದ ಹತ್ತಿರ ಮರಕ್ಕೂ ಕೈಗೂ ಸಂದು ಕಾಣುತ್ತದೆ. ಅಲ್ಲಿ ಎಂ-ಸೀಲ್ ತುಂಬಿಬಿಡಲಾ? ಪರಿಚಯದ ಬಡಗಿಯೊಬ್ಬರು ಉಜ್ಜಿಕೊಡುತ್ತೇನೆ ಅಂತಿದ್ದಾರೆ.

ಬಸವನಗುಡಿ_ಶೂಟರ್

ಸರ್, ಸದ್ಯಕ್ಕೆ ಬಡಗಿಗೆ ಕೊಡಬೇಡಿ. ಅವರ ಕೈಚಳಕದ ಪ್ರಶ್ನೆ ಅಲ್ಲ. ಎಲ್ಲಿ ಒತ್ತುತ್ತದೆ ಅನ್ನೋದು ನಿಮ್ಮ ಅಂಗೈಗೆ ಮಾತ್ರ ಗೊತ್ತು. ಎಂ-ಸೀಲೂ ಈಗಲೇ ಬೇಡ. ಸಂದು ಕಂಡ ಕಡೆ ತುಂಬುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ಬಹಳ ಸಲ ಸಂದು ಹುಟ್ಟುವುದೇ ಇನ್ನೊಂದು ಕಡೆ ಮರ ಜಾಸ್ತಿ ಇರುವುದರಿಂದ.

ರೇಂಜಿನಲ್ಲಿ ಒಂದು ಪರೀಕ್ಷೆ ಮಾಡಿ. ಒಳಗೆ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಇಲ್ಲ ಅಂತ ನೋಡಿಕೊಂಡು, ಟಾರ್ಗೆಟ್ ಕಡೆಗೇ ನಿಂತು, ಕಣ್ಣು ಮುಚ್ಚಿ ಕೈ ಎತ್ತಿ. ಮಣಿಕಟ್ಟು ಹೇಗೆ ನಿಲ್ಲುತ್ತದೋ ಹಾಗೇ ಬಿಟ್ಟು ಕಣ್ಣು ತೆರೆಯಿರಿ. ರಿಯರ್ ಸೈಟ್ ಸಂದಿನಲ್ಲಿ ಫ್ರಂಟ್ ಸೈಟ್ ಎಲ್ಲಿದೆ? ಎಡಕ್ಕೆ ಒರಗಿದ್ದರೆ ಗ್ರಿಪ್ಪೇ ಬ್ಯಾರೆಲನ್ನು ಎಡಕ್ಕೆ ತಿರುಗಿಸುತ್ತಿದೆ. ನೀವು ಪ್ರತಿ ಶಾಟಿಗೂ ಮಣಿಕಟ್ಟು ತಿರುಚಿ ಸರಿ ಮಾಡಿಕೊಳ್ಳುತ್ತೀರಿ. ಕೈ ಸೋತಾಗ ಅದು ತನ್ನ ಜಾಗಕ್ಕೆ ವಾಪಸ್ ಹೋಗುತ್ತದೆ. ಅರ್ಧ ಮ್ಯಾಚಿನಲ್ಲಿ ಜಾರುವುದಕ್ಕೆ ನನಗೆ ಕಾಣುವ ಕಾರಣ ಇದೇ. ಎರಡು ಸೈಟ್‌ಗಳ ನಡುವೆ ಸುಮಾರು 330 ಮಿ.ಮೀ. ಅಂತಿಟ್ಟುಕೊಳ್ಳಿ. ಅಲ್ಲಿ ಅರ್ಧ ಮಿ.ಮೀ. ತಪ್ಪಿದರೆ 10 ಮೀಟರ್ ದೂರದಲ್ಲಿ 15 ಮಿ.ಮೀ. ತಪ್ಪುತ್ತದೆ. ರಿಂಗ್‌ನಿಂದ ರಿಂಗ್‌ಗೆ 8 ಮಿ.ಮೀ. ಅಷ್ಟೇ, ಅಂದರೆ ಹತ್ತಿರ ಹತ್ತಿರ ಎರಡು ರಿಂಗ್ ಹೋಯಿತು.

ಇದಕ್ಕೆ ಮೊದಲು ಮರ ಮುಟ್ಟಬೇಡಿ. ಈಗಿನ ಮ್ಯಾಚ್ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಗ್ರಿಪ್ ಕೋನ ಬದಲಿಸುವ ಸ್ಕ್ರೂ ಇರುತ್ತದೆ. ಅದರಲ್ಲೇ ಎಷ್ಟು ಸರಿಯಾಗುತ್ತದೋ ಅಷ್ಟು ಮಾಡಿ. ಉಳಿದದ್ದಕ್ಕೆ ಗ್ರಿಪ್ಪಿನ ಬಲಬದಿಯ ಹಿಂಭಾಗದಲ್ಲಿ, ಅಂಗೈ ಬುಡ ಕೂರುವ ಕಡೆ, ಬಟ್ಟೆ ಟೇಪ್ ಒಂದೊಂದೇ ಪದರ ಅಂಟಿಸಿ ಅದೇ ಪರೀಕ್ಷೆ ಮಾಡಿ. ಹಿಂಭಾಗ ಎಡಕ್ಕೆ ಸರಿದರೆ ಬ್ಯಾರೆಲ್ ಬಲಕ್ಕೆ ಬರುತ್ತದೆ. ಟೇಪ್ ಕಿತ್ತರೆ ಹೋಯಿತು, ಉಜ್ಜಿದ ಮರ ವಾಪಸ್ ಬರಲ್ಲ.

ಇನ್ನೊಂದು ಅನುಮಾನ, ಟ್ರಿಗರ್ ಬೆರಳು. ಬೆರಳಿಗೂ ಗ್ರಿಪ್ಪಿನ ಬಲಬದಿಗೂ ನಡುವೆ ಬಿಎಂಟಿಸಿ ಟಿಕೆಟ್ ಚೀಟಿ ಸಲೀಸಾಗಿ ತೂರಬೇಕು. ಸಿಕ್ಕಿಕೊಂಡರೆ ಟ್ರಿಗರ್ ಎಳೆಯುವಾಗ ಬೆರಳು ಮರವನ್ನು ಎಡಕ್ಕೆ ನೂಕುತ್ತದೆ. ಆ ಜಾಗದಲ್ಲಿ ಮರ ತೆಗೆಯಲು ಹೆದರಬೇಡಿ.

ರಾಜಾಜಿನಗರ_ಬಲಗೈ

ಟಿಕೆಟ್ ಮುಂಭಾಗದಲ್ಲಿ ಸಲೀಸು, ಬೆರಳಿನ ಬುಡದ ಹತ್ತಿರ ಪೂರ್ತಿ ನಿಂತುಬಿಡುತ್ತದೆ! ಫ್ರಂಟ್ ಸೈಟೂ ಎಡಕ್ಕೇ ಇದೆ, ಆದರೆ ಸ್ಕ್ರೂ ಸ್ವಲ್ಪ ತಿರುಗಿಸಿದ ಮೇಲೆ ಬಹಳ ಮಟ್ಟಿಗೆ ನಡುವೆ ಬಂತು. ಕಿರುಬೆರಳಿನ ನೋವಿಗೆ ಏನು ಮಾಡಲಿ?

ಬಸವನಗುಡಿ_ಶೂಟರ್

ಪಾಮ್ ಶೆಲ್ಫ್, ಅಂದರೆ ಗ್ರಿಪ್ಪಿನ ಕೆಳಗೆ ಅಂಗೈ ಅಂಚು ಕೂರುವ ಮರದ ಚಾಚು, ಜಾಸ್ತಿ ಮೇಲಕ್ಕಿದೆ, ಅಷ್ಟೇ. ಬಿಗಿಯಾಗಿದ್ದರೆ ಕೈ ಅಲ್ಲಾಡಲ್ಲ ಅನ್ನುವ ನಂಬಿಕೆಯಿಂದ ಎಷ್ಟೋ ಜನ ಅದನ್ನು ಇಕ್ಕಳದ ಹಾಗೆ ಒತ್ತಿಬಿಡುತ್ತಾರೆ. ರಕ್ತ ಓಡಾಟ ನಿಂತು ನಡುಕ ಬರುತ್ತದೆ. ಸುಮಾರು ಒಂದು ಮಿ.ಮೀ. ಕೆಳಗಿಳಿಸಿ. ಅಂಗೈ ಅದರ ಮೇಲೆ ಕೂತಿರಬೇಕು, ಸಿಕ್ಕಿಕೊಂಡಿರಬಾರದು. ಅದು ಇಳಿದ ಮೇಲೆ ನಿಮ್ಮ ಹೆಬ್ಬೆರಳ ಹತ್ತಿರದ ಸಂದು ತಾನಾಗಿ ಕಡಿಮೆಯಾಗುತ್ತದೆ ನೋಡಿ. ಶೆಲ್ಫೇ ಕೈಯನ್ನು ಕೆಳಗಿಂದ ಎತ್ತಿ ಹಿಡಿದಿರುವುದು.

ಈಗ ಉಜ್ಜುವ ಕೆಲಸ. ಗಾಳಿ ತುಂಬಿದ ಸಿಲಿಂಡರ್ ಬಿಚ್ಚಿ, ಬ್ಯಾರೆಲ್ ಖಾಲಿ ಇದೆ ಅಂತ ಕಣ್ಣಾರೆ ನೋಡಿ, ಆಮೇಲೆ ಗ್ರಿಪ್ ಕಳಚಿ. ಮರದ ಪುಡಿ ಟ್ರಿಗರ್ ಒಳಗೆ ಹೋಗಬಾರದು. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ, ಮಾಮೂಲಿ ಬಿಗಿಯಲ್ಲಿ ಗ್ರಿಪ್ ಹಿಡಿದು, ಜಾರಿಸದೆ ಬಿಡಿ. ಹೆಚ್ಚು ಒತ್ತುವ ಜಾಗದಲ್ಲಿ ಬಿಳಿ ಗಟ್ಟಿಯಾಗಿ ಮೆತ್ತಿರುತ್ತದೆ, ಹಗುರವಾಗಿ ತಾಗಿದ ಕಡೆ ಮಂಜಿನಂತೆ ಇರುತ್ತದೆ. ಗಟ್ಟಿ ಇದ್ದ ಕಡೆ ಮಾತ್ರ ಅರದಲ್ಲಿ ಸ್ವಲ್ಪ ಎಳೆದು, ಪುಡಿ ಒರೆಸಿ, ಮತ್ತೆ ಹಿಡಿಯಿರಿ. ಎಸ್‌ಜೆಪಿ ರೋಡಿನ ಟೂಲ್ಸ್ ಅಂಗಡಿಗಳಲ್ಲಿ ಅರ್ಧ ದುಂಡಗಿನ ಮರದ ಅರ ಕೇಳಿ. ಆಮೇಲೆ 120, ಕೊನೆಗೆ 240 ನಂಬರ್ ಸ್ಯಾಂಡ್ ಪೇಪರ್. ಮೂಗಿಗೆ ಮಾಸ್ಕ್ ಇರಲಿ. ವಾರ್ನಿಷ್ ಬೇಡ, ಬೆವರಿಗೆ ಜಾರುತ್ತದೆ.

ಟೇಪ್ ಪದರ ನಿಜಕ್ಕೂ ಬೇಕು ಅಂತ ಖಾತ್ರಿಯಾದ ಕಡೆ ಮಾತ್ರ ಪುಟ್ಟಿ ಹಾಕಿ.

ಮಲ್ಲೇಶ್ವರ_ಏರ್

ಒಂದು ಮಾತು ಸೇರಿಸುತ್ತೇನೆ. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ ಪ್ರಕಾರ ಪಿಸ್ತೂಲ್ 420 × 200 × 50 ಮಿ.ಮೀ. ಡಬ್ಬಿಯೊಳಗೆ ಕೂರಬೇಕು. ಬದಿಗೆ ಪುಟ್ಟಿ ಮೆತ್ತುವವರು ಸೋಲುವುದು ಆ 50ರಲ್ಲಿ. ಪಾಮ್ ಶೆಲ್ಫಿನ ಅಂಚು ಮೇಲಕ್ಕೆ ಬಾಗಿ ಕೈಯನ್ನು ತಬ್ಬಬಾರದು, ಗ್ರಿಪ್ ಮಣಿಕಟ್ಟಿಗೆ ಆಸರೆ ಕೊಡಬಾರದು. ಮನೆಯಲ್ಲೇ ರಟ್ಟಿನ ಡಬ್ಬಿ ಮಾಡಿ ಅಳೆದುಕೊಳ್ಳಿ. ಮ್ಯಾಚ್ ದಿನ ಇಕ್ವಿಪ್‌ಮೆಂಟ್ ಕಂಟ್ರೋಲ್ (ಸಲಕರಣೆ ತಪಾಸಣೆ) ಮೇಜಿನ ಮುಂದೆ ಅರ ಹಿಡಿದು ನಿಲ್ಲುವ ಪಾಡು ಯಾರಿಗೂ ಬೇಡ.

ಸೆಕೆಂಡ್ ಹ್ಯಾಂಡ್ ಅಂದಿರಿ, ಹಾಗಾಗಿ ಸಿಲಿಂಡರ್ ಮೇಲಿನ ತಾರೀಖನ್ನೂ ನೋಡಿಬಿಡಿ. ಒಳಗೆ 200 ಬಾರ್ ಒತ್ತಡ ಇರುತ್ತದೆ. ಅವಧಿ ಮುಗಿದಿದ್ದರೆ ಗ್ರಿಪ್ ಕೆಲಸ ಪಕ್ಕಕ್ಕಿಟ್ಟು ಮೊದಲು ಅದನ್ನು ಬದಲಿಸಿ.

ಯಲಹಂಕ_25ಮೀ

ಇದೇ ಎಳೆಯಲ್ಲಿ ಕೇಳಬಹುದಾ? ನನ್ನ .22 ಸ್ಪೋರ್ಟ್ ಪಿಸ್ತೂಲಿನ ಟ್ರಿಗರ್ ಒರಟಾಗಿದೆ. ಒಳಗಿನ ಸಿಯರ್ (ಟ್ರಿಗರ್ ಎಳೆಯುವವರೆಗೆ ಹ್ಯಾಮರ್ ತಡೆದು ಹಿಡಿಯುವ ಲೋಹದ ತುಂಡು) ನಾನೇ ಪಾಲಿಶ್ ಮಾಡಬಹುದಾ?

ಬಸವನಗುಡಿ_ಶೂಟರ್

ಬೇಡ ಸರ್. ಮರ ಉಜ್ಜುವುದು ಬೇರೆ, ಇದು ಬೇರೆ. 1959ರ ಆರ್ಮ್ಸ್ ಆಕ್ಟ್ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ, ಬದಲಾವಣೆ ಕೆಲಸಕ್ಕೇ ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಇಟ್ಟುಕೊಳ್ಳುವ ಲೈಸೆನ್ಸ್ ಇದೆ ಅಂತ ಅದು ಬರಲ್ಲ. ಅದೂ ಅಲ್ಲದೆ ಸಿಯರ್ ಅಂಚು ಕೂದಲೆಳೆಯಷ್ಟು ದುಂಡಗಾದರೂ ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಪಕ್ಕದ ಲೇನಿನಲ್ಲಿ ಮಕ್ಕಳು ನಿಂತಿರುತ್ತಾರೆ. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಕೊಡಿ, ಟ್ರಿಗರ್ ಎಳೆಯಲು ಬೇಕಾದ ಭಾರ 1000 ಗ್ರಾಂಗಿಂತ ಕೆಳಗೆ ಹೋಗಬಾರದು ಅಂತ ಮೊದಲೇ ಹೇಳಿ. ವಾಪಸ್ ಬಂದ ಮೇಲೆ ರೇಂಜಿನ ತೂಕದ ಕಲ್ಲನ್ನು ಟ್ರಿಗರ್‌ಗೆ ತೂಗುಹಾಕಿ ನೀವೇ ಎತ್ತಿ ನೋಡಿ.