ಹೀಟ್‌ಸಿಂಕ್ ಬದಲಿಸಿದ ಮೇಲೆ ಅರ್ಧ ರ‍್ಯಾಮ್ ಕಾಣುತ್ತಿಲ್ಲ: ಪ್ರಶ್ನೋತ್ತರ

ಸದಸ್ಯ 1: ಸರ್, ಎಎಂ5 (ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡ್‌ಗೆ ಮೊದಲ ಸಲ ಪ್ರೊಸೆಸರ್ ಹಾಕುತ್ತಿದ್ದೇನೆ. ಅದನ್ನು ಅದುಮಿ ಹಿಡಿಯುವ ಲಿವರ್ ತುಂಬಾ ಬಿಗಿ. ಒತ್ತಲು ಭಯ.

ತಂತ್ರಜ್ಞ: ಚಿಪ್ಪಿನ ಮೂಲೆಯ ತ್ರಿಕೋನ ಗುರುತು ಸಾಕೆಟ್‌ನ ಗುರುತಿಗೆ ಹೊಂದಿದೆಯಾ ನೋಡಿ. ಚಿಪ್ ತನ್ನಷ್ಟಕ್ಕೆ ಮಟ್ಟಸವಾಗಿ ಕೂತಿರಬೇಕು, ಬೆರಳಿಂದ ಒತ್ತಬೇಡಿ. ಅಷ್ಟಾಗಿದ್ದರೆ ಬಿಗಿ ಇರುವುದು ಸರಿ. 1718 ಪಿನ್‌ಗಳನ್ನು ಒಟ್ಟಿಗೆ ಅದುಮಬೇಕಲ್ವಾ? ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತಾನೇ ಮೇಲೇಳುತ್ತದೆ. ಅದನ್ನು ಎತ್ತಿಡಿ, ಬಿಸಾಡಬೇಡಿ.

ಸದಸ್ಯ 2: ಪ್ರೊಸೆಸರ್ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಎಷ್ಟು ಹಾಕಬೇಕು ಸರ್?

ತಂತ್ರಜ್ಞ: ಚಿಪ್ಪಿನ ನಡುವೆ ಒಂದು ಬಟಾಣಿ ಕಾಳಿನಷ್ಟು.

ಸದಸ್ಯ 3: ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್ ಇದೆ. ಅದನ್ನು ತೆಗೆದು ಒರೆಸಿ ಮತ್ತೆ ಕೂರಿಸಿ, ಹೊಸ ಹೀಟ್‌ಸಿಂಕ್ ಹಾಕಿದೆ. ಈಗ 8 ಜಿಬಿಯ ಎರಡು ರ‍್ಯಾಮ್‌ಗಳಲ್ಲಿ ಒಂದೇ ಕಾಣುತ್ತದೆ. ಅದಲು ಬದಲು ಮಾಡಿ ನೋಡಿದೆ, ಎರಡೂ ಚೆನ್ನಾಗಿವೆ. ಒಂದು ಬದಿಯ ಸ್ಲಾಟ್ ಮಾತ್ರ ಸತ್ತಿದೆ. ಬೋರ್ಡ್ ಹೋಯಿತಾ?

ತಂತ್ರಜ್ಞ: ಅವಸರ ಬೇಡ, ನಿಮ್ಮದನ್ನು ಸರಿಯಾಗಿ ನೋಡಬೇಕು. ರ‍್ಯಾಮ್ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಅದರ ಗೆರೆಗಳು ಸಾಕೆಟ್ ಪಿನ್‌ಗಳ ಮೂಲಕವೇ ಸ್ಲಾಟ್‌ಗೆ ಹೋಗುತ್ತವೆ. ಒಂದೇ ಒಂದು ಪಿನ್ ತಾಗದಿದ್ದರೂ ಒಂದು ಚಾನೆಲ್, ಅಂದರೆ ಒಂದು ಬದಿಯ ರ‍್ಯಾಮ್ ದಾರಿ, ಪೂರ್ತಿ ಸಾಯಬಹುದು, ಉಳಿದದ್ದೆಲ್ಲ ಆರಾಮಾಗಿ ನಡೆಯುತ್ತಿರುತ್ತದೆ.

ಮೊದಲು ಹೀಟ್‌ಸಿಂಕ್ ಸ್ಕ್ರೂಗಳನ್ನು ಅನುಮಾನಿಸಿ. ಒಂದು ಮೂಲೆಯನ್ನು ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಹೋದರೆ ಒತ್ತಡ ಒಂದೇ ಕಡೆ ಬೀಳುತ್ತದೆ. ಪವರ್ ತೆಗೆದು ನಾಲ್ಕನ್ನೂ ಸಡಿಲಿಸಿ. ಎದುರು ಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬನ್ನಿ. ರ‍್ಯಾಮ್ ಬಂತಾ, ಅಲ್ಲಿಗೆ ಮುಗಿಯಿತು.

ಬರಲಿಲ್ಲ ಅಂದರೆ ಚಿಪ್ ತೆಗೆದು, ಸಾಕೆಟ್ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಪಿನ್‌ಗಳು ಸಾಲಾಗಿ ಒಂದೇ ರೀತಿ ಹೊಳೆಯಬೇಕು. ಹೊಳಪು ತಪ್ಪಿದ ಕಡೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕೈ ಹಾಕಬೇಡಿ.

ಸದಸ್ಯ 4: ನನಗೆ ಬಂದ ಫಾರ್ವರ್ಡ್: ‘ಸಾಕೆಟನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೆ ರ‍್ಯಾಮ್ ವಾಪಸ್ ಬರುತ್ತದೆ. ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಸಾಕು.’

ತಂತ್ರಜ್ಞ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಬ್ರಷ್ ತಾಗಿದರೆ ಒಂದಲ್ಲ, ಸಾಲು ಪಿನ್‌ಗಳೇ ಬಾಗುತ್ತವೆ. ಟೂತ್‌ಪೇಸ್ಟಿನ ನೀರು ಬಿಸಿಗೆ ಒಣಗಿ ಬಿರುಕು ಬಿಡುತ್ತದೆ, ಆಮೇಲೆ ಶಾಖ ದಾಟುವುದಿಲ್ಲ. ಇಂಥದ್ದನ್ನು ಇಲ್ಲಿ ಹಾಕುವ ಮೊದಲು ಯೋಚನೆ ಮಾಡಿ.

ಸದಸ್ಯ 5: ಬಟಾಣಿಯಷ್ಟು ಸಾಲದು. ತೆಳುವಾಗಿ ಪೂರ್ತಿ ಹರಡಬೇಕು.

ಸದಸ್ಯ 6: ಹೀಟ್‌ಸಿಂಕ್ ಒತ್ತಡಕ್ಕೆ ತಾನೇ ಹರಡುತ್ತದೆ. ಸುಮ್ನೆ ಗೊಂದಲ ಮಾಡಬೇಡಿ.

ಸದಸ್ಯ 5: ಥ್ರೆಡ್‌ರಿಪ್ಪರ್‌ನಷ್ಟು ದೊಡ್ಡ ಚಿಪ್ಪಿಗೆ ಮೂಲೆ ತಲುಪುತ್ತದಾ?

ಸದಸ್ಯ 6: ಇಲ್ಲಿ ಥ್ರೆಡ್‌ರಿಪ್ಪರ್ ಕೇಳಿದವರು ಯಾರು?

ಸದಸ್ಯ 7: ಹಳೇ ಎಎಂ4 ಬೋರ್ಡ್‌ಗೆ ರೈಜನ್ 5000 ಹಾಕುವ ಮೊದಲು ಬಯಾಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾ?

ಸದಸ್ಯ 5: ಗೊತ್ತಿಲ್ಲದವರು ಸುಮ್ಮನಿದ್ದರೆ ಒಳ್ಳೆಯದು.

ಸದಸ್ಯ 6: ಅದನ್ನೇ ನಿಮಗೂ ಹೇಳಿದ್ದು.

ತಂತ್ರಜ್ಞ: ಪೇಸ್ಟ್ ಎರಡೂ ರೀತಿ ನಡೆಯುತ್ತದೆ. ಜಾಸ್ತಿ ಆಗಿ ಸಾಕೆಟ್ ಒಳಗೆ ಇಳಿಯಬಾರದು, ಅಷ್ಟೇ. ಜಗಳ ನಿಲ್ಲಿಸಿ.

ಸದಸ್ಯ 8: ಆನ್ ಮಾಡಿದ ಕೂಡಲೇ 100 ಡಿಗ್ರಿ ತೋರಿಸಿ ಆಫ್ ಆಗುತ್ತಿದೆ.

ತಂತ್ರಜ್ಞ: ಹೀಟ್‌ಸಿಂಕ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ಬಿಚ್ಚಿ ನೋಡಿ. ಫ್ಯಾನ್ ವೈರ್ ಸಿಪಿಯು ಫ್ಯಾನ್ ಎಂದು ಬರೆದ ಕಡೆಗೇ ಹೋಗಿದೆಯಾ?

ಸದಸ್ಯ 8: ಅಯ್ಯೋ, ಹಾಳೆ ಹಾಗೇ ಇದೆ.

ಸದಸ್ಯ 9: ಪೇಸ್ಟ್ ಎಷ್ಟು ಹಾಕಬೇಕು?

ತಂತ್ರಜ್ಞ: ಮೇಲೆ ಓದಿ.

ಸದಸ್ಯ 7: ಬಯಾಸ್ ಬಗ್ಗೆ ಯಾರಾದರೂ ಹೇಳಿ.

ಸದಸ್ಯ 3: ಸ್ಕ್ರೂ ಸಡಿಲಿಸಿ ಮತ್ತೆ ಹಾಕಿದೆ. ಅದೇ ಕತೆ. ಫೋಟೋದಲ್ಲಿ ಅಂಚಿನ ಒಂದು ಪಿನ್ ಪಕ್ಕದ್ದಕ್ಕೆ ಒರಗಿದೆ. ಸೂಜಿಯಿಂದ ನಿಲ್ಲಿಸಲಾ?

ಸದಸ್ಯ 4: ಸೂಜಿ ಸಾಕು, ವಿಡಿಯೋ ನೋಡಿದ್ದೇನೆ.

ತಂತ್ರಜ್ಞ: ನೀವು ಸುಮ್ಮನಿರಿ. ಸದಸ್ಯ 3, ಇನ್ನು ಆನ್ ಮಾಡಬೇಡಿ. ಎರಡು ಪಿನ್ ತಾಗಿಕೊಂಡರೆ ಪ್ರೊಸೆಸರ್ರೇ ಸುಡಬಹುದು. ಪಿನ್ ಮುರಿದರೆ ಸಾಕೆಟನ್ನೇ ಬದಲಿಸಬೇಕು. ಪ್ಲಾಸ್ಟಿಕ್ ಮುಚ್ಚಳ ಹಾಕಿ, ಮೈಕ್ರೋಸ್ಕೋಪ್ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ. ಮುಚ್ಚಳ ಇದೆ ತಾನೇ?