ಕಾಶಿಯ ಘಾಟುಗಳಲ್ಲಿ ಜನರ ಫೋಟೋ ತೆಗೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಡಿಸೆಂಬರ್‌ನಲ್ಲಿ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗ್ತಿದ್ದೇನೆ, ಜಂಗಮವಾಡಿ ಮಠದಲ್ಲಿ ಉಳಿಯುವ ಯೋಚನೆ. ನನ್ನ ಹತ್ತಿರ ಎಪಿಎಸ್-ಸಿ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಲೆನ್ಸ್ ಇದೆ. ಸ್ಟ್ರೀಟ್ ಫೋಟೋಗ್ರಫಿ ಮಾಡಬೇಕೆಂದು ಬಹಳ ಆಸೆ. ಆದರೆ ಗುರುತಿಲ್ಲದವರ ಮುಂದೆ ಕ್ಯಾಮೆರಾ ಎತ್ತಲು ಮುಜುಗರ. 70-300 ಜೂಮ್ ಬಾಡಿಗೆಗೆ ತಂದು ದೂರದಿಂದಲೇ ತೆಗೆಯಲಾ? ಕೇಳಿ ತೆಗೆಯಬೇಕೋ, ಕೇಳದೆಯೋ?

ಉತ್ತರ: ಜೂಮ್ ಬೇಡ. ದೂರದಿಂದ ಎಳೆದುಕೊಂಡ ಫೋಟೋದಲ್ಲಿ ಮುಖ ಮಾತ್ರ ದೊಡ್ಡದಾಗಿ ಬರುತ್ತದೆ, ಹಿಂದಿನದೆಲ್ಲ ಮಸುಕು. ಅದು ಕಾಶಿಯೋ ಗೋಕರ್ಣವೋ ನೋಡಿದವರಿಗೆ ತಿಳಿಯುವುದಿಲ್ಲ. ನಿಮ್ಮ 18-55 ಅನ್ನು 23 ಎಂಎಂ ಹತ್ತಿರ ಇಟ್ಟು, ರಿಂಗ್ ತಿರುಗದಂತೆ ಸ್ವಲ್ಪ ಟೇಪ್ ಹಚ್ಚಿಬಿಡಿ. ಆಗ ನಿಮ್ಮ ಕಾಲೇ ಜೂಮ್. ಮನುಷ್ಯನೂ ಬರುತ್ತಾನೆ, ಅವನ ಹಿಂದಿನ ಮೆಟ್ಟಿಲು, ದೋಣಿ, ಗೋಡೆ ಎಲ್ಲ ಬರುತ್ತವೆ.

ಮುಜುಗರದ ವಿಷಯಕ್ಕೆ ಬರೋಣ. ಅಸ್ಸಿಯಿಂದ ರಾಜಘಾಟ್ ಕಡೆಗೆ 84 ಘಾಟುಗಳು ಎನ್ನುತ್ತಾರೆ. ಹೊಸಬರು ಬೆಳಗ್ಗೆ ಒಂದೇ ಉಸಿರಿಗೆ ಅಷ್ಟನ್ನೂ ನಡೆದು, ಸಿಕ್ಕವರನ್ನೆಲ್ಲ ತೆಗೆದುಕೊಂಡು ಹೋಗುತ್ತಾರೆ. ಎಲ್ಲ ಫ್ರೇಮಿನಲ್ಲೂ ಜನ ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿರುತ್ತಾರೆ. ನೀವು ಒಂದೇ ಘಾಟಿನಲ್ಲಿ ಕೂತುಬಿಡಿ. ಕ್ಯಾಮೆರಾ ತೊಡೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಮಣ್ಣಿನ ಲೋಟವಾದ ಕುಲ್ಹಡ್‌ನಲ್ಲಿ ಒಂದು ಚಹಾ ಕುಡಿಯಿರಿ. ಅರ್ಧ ಗಂಟೆಯಲ್ಲಿ ನಿಮ್ಮ ಮೇಲಿನ ಕುತೂಹಲ ಕರಗಿ, ಅವರವರ ಕೆಲಸ ಅವರವರಿಗೆ. ಮಾರನೆಯ ದಿನವೂ ಅದೇ ಜಾಗಕ್ಕೆ ಹೋದರೆ ಚಹಾದವರೇ ಮಾತಾಡಿಸುತ್ತಾರೆ.

ಕೇಳಬೇಕೇ ಎಂದರೆ, ಹತ್ತು ಜನ ಓಡಾಡುವ ದೃಶ್ಯಕ್ಕೆ ಯಾರನ್ನೂ ಕೇಳಲಾಗದು. ಒಬ್ಬರೇ ವ್ಯಕ್ತಿ, ಹತ್ತಿರದಿಂದ ಎಂದರೆ ಕೇಳಿ. ‘ಭೈಯಾ, ಏಕ್ ಫೋಟೋ ಲೇ ಲೂಂ?’ ಅಷ್ಟು ಸಾಕು. ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳಿದರೂ ನಡೆಯುತ್ತದೆ. ಬೇಡ ಎಂದು ಕೈ ಆಡಿಸಿದರೆ ಕ್ಯಾಮೆರಾ ಕೆಳಗೆ, ಒಂದು ನಮಸ್ಕಾರ. ಒಪ್ಪಿದವರು ಮೊದಲು ಪೋಸು ಕೊಡುತ್ತಾರೆ. ಅದನ್ನೂ ತೆಗೆದು, ಅವರಿಗೆ ತೋರಿಸಿ, ಅಲ್ಲೇ ಇರಿ. ಅವರು ಮತ್ತೆ ಕೆಲಸಕ್ಕೆ ತಿರುಗಿದಾಗ ಸಿಗುವುದೇ ನಿಮಗೆ ಬೇಕಾದ ಫೋಟೋ.

ಪ್ರಶ್ನೆ: ಧನ್ಯವಾದ ಸರ್. ಬೆಳಕು ಯಾವಾಗ ಚೆನ್ನಾಗಿರುತ್ತೆ? ಡಿಸೆಂಬರ್ ಮಂಜಿಗೆ ಸೆಟ್ಟಿಂಗ್ ಏನಿಡಲಿ?

ಉತ್ತರ: ಗಂಗೆ ಕಾಶಿಯಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಊರು, ಘಾಟುಗಳು ಎಲ್ಲ ಪಶ್ಚಿಮ ದಡದಲ್ಲಿ, ಎದುರಿಗೆ ಮರಳ ದಂಡೆ. ಹಾಗಾಗಿ ಸೂರ್ಯ ಹುಟ್ಟುವುದು ನದಿಯಾಚೆ, ಮೊದಲ ಬಿಸಿಲು ನೇರವಾಗಿ ಮೆಟ್ಟಿಲುಗಳ ಮೇಲೆ. ಮೆಟ್ಟಿಲ ಮೇಲೆ ನಿಂತು ನದಿ ಕಡೆ ತೆಗೆದರೆ ಜನ ಕಪ್ಪು ನೆರಳಾಗಿ ಬರುತ್ತಾರೆ. ದೋಣಿಯಿಂದ ದಡದ ಕಡೆ ತೆಗೆದರೆ ಇಡೀ ಘಾಟು ಹೊಂಬಣ್ಣ. ನನಗೆ ಇಷ್ಟವಾದದ್ದು ಇವೆರಡೂ ಅಲ್ಲ. ಮೆಟ್ಟಿಲಿನ ಉದ್ದಕ್ಕೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ನಿಲ್ಲಿ, ಬೆಳಕು ಪಕ್ಕದಿಂದ ಬೀಳುತ್ತದೆ, ಕಲ್ಲಿನ ಒಂದೊಂದು ಅಂಚೂ ಎದ್ದು ಕಾಣುತ್ತದೆ.

ಬೆಳಗ್ಗೆ ಎಂಟೂವರೆ, ಒಂಬತ್ತರ ಹೊತ್ತಿಗೆ ಫೋಟೋಗ್ರಾಫರುಗಳೆಲ್ಲ ತಿಂಡಿಗೆ ಹೊರಡುತ್ತಾರೆ. ನೀವು ಹೋಗಬೇಡಿ. ಘಾಟಿನಲ್ಲಿ ಮರದ ಮಣೆ ಹಾಕಿಕೊಂಡು ದೊಡ್ಡ ಬಿದಿರ ಛತ್ರಿಯ ಕೆಳಗೆ ಪುರೋಹಿತರು ಕೂತಿರುತ್ತಾರಲ್ಲ, ಆ ಛತ್ರಿಯೊಳಗೆ ನೋಡಿ. ನೇರ ಬಿಸಿಲನ್ನು ಛತ್ರಿ ತಡೆದಿರುತ್ತದೆ. ಮುಂದಿನ ಕಲ್ಲಿನ ಮೇಲೆ ಬಿದ್ದ ಬಿಸಿಲು ಪುಟಿದು, ಕೆಳಗಿನಿಂದ ಅವರ ಗದ್ದ, ಮೂಗಿನ ತುದಿ, ಗಂಧ ತೇಯುವ ಬೆರಳುಗಳ ಮೇಲೆ ಮೆತ್ತಗೆ ಬೀಳುತ್ತದೆ. ಸ್ಟುಡಿಯೋದಲ್ಲಿ ದುಡ್ಡು ಸುರಿದರೂ ಅಂಥ ಬೆಳಕು ಕಷ್ಟ. ಪಕ್ಕದಲ್ಲೇ ಮುಡಿ ತೆಗೆಯುವ ಕ್ಷೌರಿಕರೂ ಸಿಗುತ್ತಾರೆ.

ಸೆಟ್ಟಿಂಗ್: ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6 ಅಥವಾ 8, ಶಟರ್ 1/250 ಸೆಕೆಂಡು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿ 6400ರವರೆಗೆ ಬಿಡಿ. ಮಂಜನ್ನು ಕಂಡ ಕ್ಯಾಮೆರಾ ‘ಬೆಳಕು ಜಾಸ್ತಿಯಿದೆ’ ಎಂದು ಮೋಸಹೋಗಿ ಫೋಟೋವನ್ನು ಬೂದು ಮಾಡುತ್ತದೆ, ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋವನ್ನು ಬೆಳ್ಳಗೆ-ಕಪ್ಪಗೆ ಮಾಡುವ ಹೊಂದಿಕೆ) +0.7 ಇಡಿ. ದಶಾಶ್ವಮೇಧ ಘಾಟಿನ ಸಂಜೆ ಆರತಿಗೆ ತದ್ವಿರುದ್ಧ, -1 ಇಡದಿದ್ದರೆ ದೀಪಗಳು ಬರೀ ಬಿಳಿ ಚುಕ್ಕೆ. ಆರತಿಯಲ್ಲಿ ದೀಪಕ್ಕಿಂತ ಅದನ್ನು ನೋಡುವವರ ಮುಖಗಳನ್ನು ಗಮನಿಸಿ. ದೋಣಿಗೆ ಹುಟ್ಟು ಹಾಕುವವರನ್ನೇ ಹುಡುಕಿ, ಮೋಟಾರು ದೋಣಿ ನಡುಗುತ್ತದೆ. ಬಾಡಿಗೆ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಗುಂಪಿನ ಮತ್ತೊಬ್ಬ ಸದಸ್ಯರು: ಸಾರ್ವಜನಿಕ ಜಾಗದಲ್ಲಿ ಯಾರ ಫೋಟೋ ಬೇಕಾದರೂ ತೆಗೆಯಬಹುದಲ್ಲವೇ ಸರ್? ಕೇಳಲೇಬೇಕು ಅಂತ ಕಾನೂನೇನೂ ಇಲ್ಲವಲ್ಲ. ಮಣಿಕರ್ಣಿಕೆಯ ಚಿತೆಗಳ ಫೋಟೋ ಎಷ್ಟೋ ಜನ ಹಾಕಿದ್ದಾರೆ.

ಉತ್ತರ: ಬೀದಿಯಲ್ಲಿ ಪ್ರತಿಯೊಬ್ಬರ ಒಪ್ಪಿಗೆ ಪಡೆಯಬೇಕೆಂಬ ನಿಯಮ ಇಲ್ಲ, ನಿಜ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕಾನೂನು ಹಾಗಿರಲಿ. ಶವ ಸುಡುವ ಮಣಿಕರ್ಣಿಕಾ, ಹರಿಶ್ಚಂದ್ರ ಎರಡೂ ಘಾಟುಗಳಲ್ಲಿ ಕ್ಯಾಮೆರಾ ಚೀಲದೊಳಗೆ ಹೋಗಲಿ. ಅಲ್ಲಿ ಉರಿಯುತ್ತಿರುವುದು ಯಾರದೋ ಅಪ್ಪ, ಯಾರದೋ ಮಗಳು. ‘ಇಷ್ಟು ದುಡ್ಡು ಕೊಡಿ, ಮೇಲಿಂದ ತೆಗೆಯಿರಿ’, ‘ಕಟ್ಟಿಗೆಗೆ ದಾನ ಕೊಡಿ’ ಎಂದು ಹಿಂದೆ ಬೀಳುವವರಿದ್ದಾರೆ. ಸತ್ತವರ ಮನೆಯವರ ಪರವಾಗಿ ಒಪ್ಪಿಗೆ ಕೊಡಲು ಅವರು ಯಾರು? ಸುಮ್ಮನೆ ಮುಂದೆ ನಡೆಯಿರಿ. ಸ್ನಾನ ಮಾಡುತ್ತಿರುವ, ಸೀರೆ ಬದಲಿಸುತ್ತಿರುವ ಹೆಂಗಸರ ಕಡೆಗೂ ಲೆನ್ಸ್ ತಿರುಗಿಸಲೇಬಾರದು. ಬೆಳಕು ಎಷ್ಟೇ ಚೆನ್ನಾಗಿರಲಿ, ಈ ವಿಷಯದಲ್ಲಿ ನನ್ನದು ಒಂದೇ ಮಾತು. ಭಿಕ್ಷೆ ಬೇಡುವ ಮಕ್ಕಳ ಮುಖವನ್ನು ಇನ್‌ಸ್ಟಾಗ್ರಾಂಗೆ ಹಾಕುವುದೂ ಬೇಡ.

ಸದಸ್ಯೆಯೊಬ್ಬರು: ನನ್ನ ಹತ್ತಿರ ಇರೋದು ಫೋನ್ ಮಾತ್ರ. ಗಲ್ಲಿಗಳಲ್ಲಿ ಚೆನ್ನಾಗಿ ಬರುತ್ತಾ ಸರ್? ಸಾಧುಗಳಿಗೆ ದುಡ್ಡು ಕೊಡಬೇಕಾ?

ಉತ್ತರ: ಬರುತ್ತೆ ಮೇಡಂ. ಗಲ್ಲಿಗಳು ಇಕ್ಕಟ್ಟು, ಎರಡೂ ಕಡೆ ಎತ್ತರದ ಮನೆ, ಬಿಸಿಲು ನೆಲ ಮುಟ್ಟುವುದು ನಡುಹಗಲಿನಲ್ಲಿ ಸ್ವಲ್ಪ ಹೊತ್ತು. ಆ ಬಿಸಿಲ ಪಟ್ಟಿಯನ್ನು ನೋಡಿಟ್ಟುಕೊಂಡು, ಯಾರಾದರೂ ಅದರೊಳಗೆ ಹೆಜ್ಜೆಯಿಡುವವರೆಗೆ ಕಾಯಿರಿ. ಠಠೇರಿ ಬಜಾರಿನ ಹಿತ್ತಾಳೆ ಅಂಗಡಿಗಳಲ್ಲಿ ಪಾತ್ರೆಗಳೇ ಬೆಳಕನ್ನು ಒಳಗೆ ತರುತ್ತವೆ. ವಿಶ್ವನಾಥನ ದೇವಸ್ಥಾನದೊಳಗೆ ಮಾತ್ರ ಫೋನೂ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಹೋಗಿ.

ಬಣ್ಣ ಬಳಿದುಕೊಂಡು ಫೋಟೋಕ್ಕೆಂದೇ ಕೂತ ಸಾಧುಗಳನ್ನು ತೆಗೆದರೆ ಹತ್ತಿಪ್ಪತ್ತು ರೂಪಾಯಿ ಕೊಡುವುದು ನ್ಯಾಯ. ಬೇರೆಯವರಿಗೆ ದುಡ್ಡು ತೋರಿಸುವುದಕ್ಕಿಂತ ವ್ಯಾಪಾರ ಮಾಡಿ, ಹೂವಿನವರ ಹತ್ತಿರ ಹೂವು, ದೋಣಿಯವರಿಗೆ ಒಂದು ಸವಾರಿ.

ಜಂಗಮವಾಡಿಯ ಪಕ್ಕದಲ್ಲೇ ಮದನಪುರ, ಬನಾರಸಿ ಸೀರೆ ನೇಯುವವರ ಮೊಹಲ್ಲಾ. ಮಗ್ಗದ ಸದ್ದು ಕೇಳಿತೆಂದು ಒಳನುಗ್ಗಬೇಡಿ, ಅದು ಮನೆ. ಬಾಗಿಲಲ್ಲಿ ನಿಂತು ಕೇಳಿ. ಒಳಗೆ ಕರೆದರೆ ನೇಯುವವರ ಕೈ, ಮಗ್ಗದ ಕೆಳಗಿನ ಕುಣಿಯೊಳಗಿರುವ ಕಾಲು ತೆಗೆಯಿರಿ. ಮಗ್ಗದ ಮೇಲಿನ ಹೊಸ ವಿನ್ಯಾಸವನ್ನು ಹತ್ತಿರದಿಂದ ತೆಗೆಯುವ ಮುಂಚೆ ಇನ್ನೊಮ್ಮೆ ಕೇಳಿ.

ಹೊರಡುವ ಮುನ್ನ ಇಬ್ಬರು ಫೋಟೋಗ್ರಾಫರುಗಳ ಚಿತ್ರಗಳನ್ನು ಹುಡುಕಿ ನೋಡಿ: ಬನಾರಸನ್ನು ಬಣ್ಣದಲ್ಲಿ ಹಿಡಿದ ರಘುಬೀರ್ ಸಿಂಗ್, ನಮ್ಮ ಮೈಸೂರಿನ ಟಿ.ಎಸ್. ಸತ್ಯನ್. ಸತ್ಯನ್ ಅವರ ಚಿತ್ರಗಳಲ್ಲಿ ಬಡವರೂ ಇದ್ದಾರೆ, ಆದರೆ ಯಾರೂ ಸಣ್ಣವರಾಗಿ ಕಾಣುವುದಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ಕೊನೆಯದಾಗಿ ಸರ್, ಅಮ್ಮ ಜೊತೆಗಿರುವಾಗ ಇಷ್ಟೆಲ್ಲ ಕೂತು ಕಾಯೋದು ಆಗುತ್ತಾ?

ಉತ್ತರ: ಅಮ್ಮನನ್ನೂ ಕರೆದುಕೊಂಡೇ ಹೋಗಿ. ಅಮ್ಮನ ಪಕ್ಕ ಕೂತ ಮಗನನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಕೇದಾರ ಘಾಟ್, ಹನುಮಾನ್ ಘಾಟ್ ಕಡೆ ದಕ್ಷಿಣದವರ ಓಡಾಟ ಹೆಚ್ಚು, ಹರಿಶ್ಚಂದ್ರ ಘಾಟಿನ ಹತ್ತಿರ ಕರ್ನಾಟಕ ಘಾಟ್ ಅಂತಲೇ ಒಂದಿದೆ, ಮಾತಿಗೆ ಕನ್ನಡದವರೂ ಸಿಕ್ಕಾರು. ಕೇದಾರದ ಮೆಟ್ಟಿಲು ಮಾತ್ರ ಕಡಿದು, ಬೆಳಗ್ಗೆ ಒದ್ದೆ ಬೇರೆ. ಅಮ್ಮನಿಗೆ ಮಂಡಿ ನೋವಿದ್ದರೆ ಆಟೋ ಹಿಡಿದು ಅಸ್ಸಿಗೆ ಹೋಗಿ. ಅಲ್ಲಿ ಮೆಟ್ಟಿಲ ಮೇಲೆ ವಿಶಾಲವಾದ ಜಾಗವಿದೆ, ಸೂರ್ಯೋದಯಕ್ಕೆ ಮುಂಚೆ ‘ಸುಬಹ್-ಎ-ಬನಾರಸ್’ ಆರತಿ, ಸಂಗೀತ ಇರುತ್ತೆ. ಅಮ್ಮ ಅದನ್ನು ಕೇಳುತ್ತಾ ಕೂತಿರಲಿ, ನೀವು ಅಲ್ಲೇ ಸುತ್ತಮುತ್ತ ಇರಿ. ಶಾಲು ಮರೆಯಬೇಡಿ, ಡಿಸೆಂಬರಿನಲ್ಲಿ ನದಿಯ ಮೇಲಿನ ಗಾಳಿ ಬಹಳ ಚಳಿ.